ಇತ್ತಲಾರಿನ ನಸುಗೆಂಪು ಅಳುಗಣ್ಣಿ

ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಕ್ಕಾ, ಆ ಗಿಡ ನೊಣ ತಿನ್ನೋದನ್ನ ಕಣ್ಣಾರೆ ನೋಡಿದ್ದೀರಾ?" ನೋಡಿದ್ದೇನೆ. ಅದು ಆ ಗಿಡದ ಊಟ, ಅದರ ಪಾಡಿಗೆ ಅದು ತಿನ್ನಲಿ. ನಮ್ಮ ಕೆಲಸ ಬೇರೆ. ಇದು ಯಾವ ಗಿಡ ಎಂದು ಸರಿಯಾಗಿ ಹೇಳಬೇಕು, ಹೇಳಿದ ಮೇಲೆ ಅದು ಸಾಯದ ಹಾಗೆ ನೋಡಿಕೊಳ್ಳಬೇಕು. ಕೇಳಲು ಎರಡೂ ಸುಲಭ. ಮಾಡುವಾಗ ಎಷ್ಟು ಸಲ ಜೀವ ಬಾಯಿಗೆ ಬಂದಿದೆ ಎಂದು ನನಗೆ ಗೊತ್ತು. ಆದ್ದರಿಂದ ನೊಣದ ಕಥೆ ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಗುಂಡ್ಲುಪೇಟೆ ಕಡೆಯ ಮನೆತನ. ಅಪ್ಪ ತರಕಾರಿ ವ್ಯಾಪಾರಕ್ಕೆಂದು ಊಟಿ ಮಾರ್ಕೆಟ್ಟಿಗೆ ಬಂದು ಇಲ್ಲೇ ನಿಂತರು. ನಾನು ಊರಾಚೆಯ ಒಂದು ಸಸ್ಯ ಸಂರಕ್ಷಣಾ ಕೇಂದ್ರಕ್ಕೆ ಸೇರಿ, ಅಲ್ಲೇ ಕೂದಲು ನರೆತು, ಅಲ್ಲಿಂದಲೇ ನಿವೃತ್ತಳಾದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನನ್ನ ಪಾಲಿಗೆ ಬಂದದ್ದು ಡ್ರೊಸೆರಾ ಎಂಬ ಪುಟ್ಟ ಗಿಡ. ಎಲೆಯ ತುಂಬ ಕೂದಲಿನಂಥ ಎಳೆಗಳು, ಪ್ರತಿ ಎಳೆಯ ತುದಿಗೂ ಒಂದು ಅಂಟು ಹನಿ. ನೀರೆಂದುಕೊಂಡು ಕೂತ ಹುಳ ಮತ್ತೆ ಏಳುವುದಿಲ್ಲ. ತಮಿಳಿನವರು ಇದನ್ನು ಅಳುಗಣ್ಣಿ ಎನ್ನುತ್ತಾರೆ. ಕನ್ನಡದ ಬಾಯಿಗೂ ಚೆನ್ನಾಗಿ ಹೊಂದುವ ಹೆಸರು. ಚೀಟಿಯ ಮೇಲೆ ಡ್ರೊಸೆರಾ ಎಂದು ಬರೆದರೂ ನಾನು ಮನಸ್ಸಿನಲ್ಲಿ ಕರೆದದ್ದು ಅಳುಗಣ್ಣಿ ಎಂದೇ.

ನಮ್ಮ ಜಿಲ್ಲೆಯಲ್ಲಿ ನಾವು ಮುಖ್ಯವಾಗಿ ನೋಡಿಕೊಳ್ಳುತ್ತಿದ್ದದ್ದು ಮೂರು ಬಗೆ. ಗೂಡಲೂರು, ದೇವಾಲದ ಕಡೆ ಇಳಿದರೆ ಎಸ್ಟೇಟ್ ಲೈನ್ ಮನೆಗಳ ಹಿಂದೆ ನೀರು ಜಿನುಗುವ ದರೆಗಳು, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಗಳು, ಇರುತ್ತವೆ. ಅಲ್ಲಿ ನೆಲಕ್ಕೆ ಅಂಟಿಕೊಂಡ ಚಕ್ರದಂಥದ್ದು ಒಂದು. ಕೆಳಗಿನ ಬಯಲುಗಳಲ್ಲಿ ದಾರದಂಥ ಎಲೆಯದ್ದು ಇನ್ನೊಂದು. ಊಟಿ, ಕುಂದಾ ಕಡೆಯ ಎತ್ತರದ ಜವುಗುಗಳಲ್ಲಿ ನೆಟ್ಟಗೆ ನಿಲ್ಲುವ, ಅರ್ಧಚಂದ್ರದಂಥ ಎಲೆಯದ್ದು ಮೂರನೆಯದು. ಇದಕ್ಕೆ ಮಣ್ಣಿನೊಳಗೆ ಹೆಸರುಕಾಳಿಗಿಂತ ತುಸು ದಪ್ಪನೆಯ ಗೆಡ್ಡೆ ಇರುತ್ತದೆ. ನಾನು ಕಂಡ ಕಡೆಯಲ್ಲೆಲ್ಲ ಅದರ ಹೂ ಬಿಳಿ. ಒಂದು ಕಡೆಯಲ್ಲಿ ಮಾತ್ರ ಬಿಳಿ ಇರಲಿಲ್ಲ. ಆ ಒಂದು ಕಡೆಯ ಕಥೆಯೇ ಇದು.

ಅದಕ್ಕೆ ಮುಂಚೆ ತಂಗರಾಜ್ ಸರ್ ಬಗ್ಗೆ ಹೇಳಬೇಕು. ನನ್ನ ಮೊದಲ ಮೇಲಧಿಕಾರಿ, ತಿರುನೆಲ್ವೇಲಿಯವರು. ನನ್ನ ಕನ್ನಡ ಅವರಿಗೆ ಅರ್ಥವಾಗುತ್ತಿತ್ತು, ಮಾತೂ ಅರ್ಧಂಬರ್ಧ ಬರುತ್ತಿತ್ತು, ಬೈಯುವುದು ಮಾತ್ರ ತಮಿಳಿನಲ್ಲಿ. ಗಿಡ ಕಂಡ ಕೂಡಲೇ ಯಾರಾದರೂ ಹೆಸರು ಹೇಳಿದರೆ ಅವರು ಮುಖ ಗಂಟಿಕ್ಕುತ್ತಿದ್ದರು. "ಪೊರುಮ್ಮಾ, ಪೊರು" ಎನ್ನುತ್ತಿದ್ದರು. ತಾಳಮ್ಮಾ, ತಾಳು ಅಂತ. ಎಲೆಗೆ ತೊಟ್ಟು ಎಲ್ಲಿ ಅಂಟಿದೆ ನೋಡು, ಹೂವಿನ ಹಿಂದೆ ನೋಡು, ಬೀಜ ನೋಡು, ಆಮೇಲೆ ಬಾಯಿ ಬಿಡು. ಬಣ್ಣದ ಮಾತಂತೂ ಅವರೆದುರು ಎತ್ತುವಂತೆಯೇ ಇರಲಿಲ್ಲ.

ಅದರ ಕಾರಣವನ್ನು ಅವರೇ ನಗುತ್ತಾ ಹೇಳಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದೇವಾಲದ ಒಂದು ದರೆಯ ಮೇಲೆ ಕೆಂಪು ಚಕ್ರಗಳು, ಅದೇ ದರೆಯ ಬುಡದಲ್ಲಿ ಹಸಿರು ಚಕ್ರಗಳು ಕಂಡವಂತೆ. ಎರಡು ಬೇರೆ ಬೇರೆ ಬಗೆ ಎಂದು ಬರೆದು ಮೇಲಿನವರಿಗೆ ಕಳಿಸಿಯೂಬಿಟ್ಟರು. ಆಮೇಲೆ ಎರಡನ್ನೂ ತಂದು ಒಂದೇ ಮೇಜಿನ ಮೇಲಿಟ್ಟರೆ ಎರಡೂ ಒಂದೇ ಬಣ್ಣಕ್ಕೆ ತಿರುಗಿದವು. ಬಿಸಿಲಿನ ಗಿಡ ಕೆಂಪು, ನೆರಳಿನ ಗಿಡ ಹಸಿರು, ಅಷ್ಟೇ ಸಂಗತಿ. "ಇಡೀ ಆಫೀಸು ನನ್ನನ್ನ ಟ್ರಾಫಿಕ್ ಸಿಗ್ನಲ್ ಅಂತ ಕರೀತಿತ್ತು ಮ್ಮಾ" ಎಂದಿದ್ದರು. ಅಂದಿನಿಂದ ಅವರದು ಒಂದೇ ಕಟ್ಟಳೆ. ಒಂದೇ ಮೇಜು, ಒಂದೇ ನೀರು, ಒಂದೇ ಬೆಳಕು. ಬೀಜದಿಂದ ಬೆಳೆಸು. ಹಾಗೆ ಬೆಳೆಸಿದ ಮೇಲೂ ಬೇರೆಯಾಗಿಯೇ ಉಳಿದರೆ ಅದು ಬೇರೆ ಬಗೆ. ಇಲ್ಲದಿದ್ದರೆ ಬಾಯಿ ಮುಚ್ಚು.

ಈಗ ನಿಮ್ಮ ಕೈಯಲ್ಲಿ ಫೋನಿದೆ. ಫೋಟೋ ಹೊಡೆದರೆ ಅದೇ ಹೆಸರು ಹೇಳುತ್ತದೆ. ನಮ್ಮ ಜವುಗಿನ ಗಿಡಕ್ಕೆ ಆಸ್ಟ್ರೇಲಿಯಾದ ಹೆಸರು ಕೊಟ್ಟು ಹೆಮ್ಮೆಯಿಂದ ಮಿನುಗಿದ್ದನ್ನು ನಾನೇ ನೋಡಿದ್ದೇನೆ. ಫೋನು ಬೇಡ ಎನ್ನುವಷ್ಟು ಹಳೇಕಾಲದವಳಲ್ಲ ನಾನು. ಅದು ಹೇಳಿದ ಮೇಲೂ ಗಿಡದ ಹತ್ತಿರ ಮಂಡಿಯೂರಿ ಕೂತು ನೋಡಿ ಎನ್ನುತ್ತೇನೆ, ಅಷ್ಟೇ.

ಇನ್ನು ಬೆಳೆಸುವ ಮಾತು. ತೋಟದ ಕೆಲಸದವರಿಗೆ ಗೊಬ್ಬರ ಹಾಕುವುದು, ನೀರು ಹಾಕುವುದು ಕೈಗೆ ಹತ್ತಿದ ರೂಢಿ. ಅಳುಗಣ್ಣಿಗೆ ಗೊಬ್ಬರವೇ ವಿಷ. ನೀರೂ ಮಳೆಯದ್ದೇ ಆಗಬೇಕು. ಒಂದು ಬೇಸಿಗೆಯಲ್ಲಿ ಡ್ರಮ್ಮಿನ ಮಳೆನೀರು ಮುಗಿದು, ಬೇರೆ ದಾರಿ ಕಾಣದೆ ಬೋರ್‌ವೆಲ್ ನೀರು ಹಾಕಿದೆವು. ದೇವಾಲದಿಂದ ತಂದ ಚಕ್ರಗಳ ಇಡೀ ತಟ್ಟೆ ಕಪ್ಪಾಗಿ ಕೊಳೆತುಹೋಯಿತು. ಎತ್ತರದ ಬಗೆಯದು ಇನ್ನೊಂದು ಗೋಳು. ಮಳೆಗಾಲ ಕಳೆದು ಚಳಿ ಬಲಿತ ಮೇಲೆ ಮೇಲಿನದ್ದೆಲ್ಲ ಒಣಗಿ ಮಾಯವಾಗುತ್ತದೆ. ಗೆಡ್ಡೆ ಮಾತ್ರ ಒಳಗೆ ಮಲಗಿರುತ್ತದೆ. ಕುಂಡ ನೋಡಿದರೆ ಬರೀ ಮಣ್ಣು. ಮುಂದಿನ ಮಳೆಯವರೆಗೂ ಆ ಮಣ್ಣನ್ನು ಬಹುಪಾಲು ಒಣಗಲು ಬಿಡಬೇಕು. ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಬದುಕಿದೆಯೋ ಎಂದು ಬಗೆದು ನೋಡಿದರೆ ಮುರಿಯುತ್ತದೆ. ಸುಮ್ಮನಿರುವುದೇ ಕೆಲಸ. ಕೈ ಕಟ್ಟಿಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂದು ನಿಮಗೂ ಗೊತ್ತಾಗುತ್ತದೆ.

ಊಟಿಯ ಹತ್ತಿರದ ಇತ್ತಲಾರ್ ಎಂಬ ಹಳ್ಳಿಗೆ ನಾನು ಹೋದದ್ದು ತಂಗರಾಜ್ ಸರ್ ನಿವೃತ್ತರಾಗಿ, ಅವರ ಜಾಗಕ್ಕೆ ಅನಿತಾ ಮೇಡಂ ಬಂದ ಮೇಲೆ. ಜವುಗುಗಳ ಸಮೀಕ್ಷೆ ನಡೆಯುತ್ತಿತ್ತು. ಮಳೆ ಬಿಟ್ಟ ಒಂದು ದಿನ ಬೋಜಣ್ಣ ಎಂಬ ಬಡಗ ಜನಾಂಗದ ರೈತರ ಚಹಾ ತೋಟದ ಕೆಳಗೆ ಇಳಿದೆ. ಚಹಾ ಮುಗಿದಲ್ಲಿ ಕ್ಯಾರೆಟ್ ಪಾತಿ, ಕ್ಯಾರೆಟ್ ಮುಗಿದಲ್ಲಿ ತಗ್ಗಿನ ಜವುಗು. ಬಿಸಿಲಿತ್ತು. ಜವುಗಿನ ತುಂಬ ಅಳುಗಣ್ಣಿ ಅರಳಿತ್ತು, ಹೂ ಎಲ್ಲವೂ ನಸುಗೆಂಪು. ಎಳೆಗೂಸಿನ ಅಂಗಾಲಿನ ಬಣ್ಣ. ಬಣ್ಣ ನಂಬಬೇಡ ಎಂಬ ಪಾಠ ತಲೆಯಲ್ಲಿ ಕೂಗುತ್ತಿತ್ತು, ಆದರೂ ಕೆಸರಿನಲ್ಲಿ ಮಂಡಿಯೂರಿ ಒಂದೊಂದೇ ಹೂ ನೋಡಿದೆ.

ಬೋಜಣ್ಣ ಮಾತಾಡುವುದು ಬಡಗ, ನನ್ನದು ಗುಂಡ್ಲುಪೇಟೆ ಕನ್ನಡ. ಇಬ್ಬರೂ ನಮ್ಮ ನಮ್ಮ ಮಾತಿನಲ್ಲೇ ಆಡುತ್ತಿದ್ದೆವು, ಯಾರಿಗೂ ತೊಡಕಾಗಲಿಲ್ಲ. ಅವರ ಮಾತನ್ನು ನನ್ನ ಕಿವಿಗೆ ಬಿದ್ದಷ್ಟು ಬರೆಯುತ್ತೇನೆ. ಎಂಗ ಎಂದರೆ ನಮ್ಮ, ಎಂಗಗೆ ಎಂದರೆ ನಮಗೆ.

"ಇದನ್ನ ನೋಡಕ್ಕೆ ಊಟಿಯಿಂದ ಬಂದಿರಾ? ಎಂಗ ಮನೆಯವಳು ಇದನ್ನ ಕಳೆ ಅಂತಾಳೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಬೇಸಗೆಗೆ ಎಂಗಗೆ ನೀರು ಇಲ್ಲೆ ಅಕ್ಕ. ಹೋದ ಸಲ ಕ್ಯಾರೆಟ್ ಎಲ್ಲ ಬಾಡಿ ಹೋಯ್ತು. ನೀರು ನಿಲ್ಲೋ ಜಾಗ ಇದೊಂದೇ. ಜೆಸಿಬಿ ತರಿಸಿ ಕೆರೆ ತೋಡಿಸಬೇಕು ಅಂತ ಇದ್ದೀನಿ."

ಅವರ ಹೊಲ, ಅವರ ಬಾಯಾರಿದ ಬೆಳೆ. ಬೇಡ ಎನ್ನಲು ನಾನು ಯಾರು? ಆದರೂ "ತುಸು ತಡೀರಿ ಬೋಜಣ್ಣ" ಎಂದೆ.

ಅನಿತಾ ಮೇಡಂ ಬಂದು ನೋಡಿದರು. ಅಪರೂಪದ ಗಿಡಗಳಿಗೆ ನೆರವು ಕೊಡುವ ಒಂದು ಸಂಸ್ಥೆಯೊಡನೆ ಅವರಿಗೆ ಮಾತುಕತೆಯಿತ್ತು. ಇದು ಬೇರೆಯೇ ಬಗೆ ಎಂದು ನಮ್ಮ ಕೇಂದ್ರ ಬರೆದುಕೊಟ್ಟರೆ, ಆ ಸಂಸ್ಥೆ ಮೇಲಿನ ಹಳ್ಳದಿಂದ ಬೋಜಣ್ಣನ ಹೊಲಕ್ಕೆ ಪೈಪು ಹಾಕಿಸಿಕೊಡುತ್ತದೆ. ಪೈಪು ಬಂದರೆ ಕೆರೆ ಬೇಡ, ಜವುಗು ಹಾಗೇ ಉಳಿಯುತ್ತದೆ. ಬೋಜಣ್ಣ ಒಪ್ಪಿದರು. ಆದರೆ ಬರೆದುಕೊಡುವ ಮುಂಚೆ ನಮ್ಮ ಮೇಜಿನ ಮೇಲೆ, ಬೀಜದಿಂದ ಬೆಳೆದ ಗಿಡದಲ್ಲಿ ಅದೇ ಬಣ್ಣ ಬರಬೇಕು. ಬೀಜ ಮೊಳೆತು ಹೂವಾಗಲು ಒಂದಕ್ಕಿಂತ ಹೆಚ್ಚು ಮಳೆಗಾಲ ಬೇಕು. ಅಲ್ಲಿಯವರೆಗೆ ಕಾಯುತ್ತೇನೆ ಎಂದು ಬೋಜಣ್ಣ ಮಾತು ಕೊಟ್ಟರು. ಪಕ್ಕದಲ್ಲಿದ್ದ ಅವರ ಹೆಂಡತಿ ಮಾದಿ ಅಕ್ಕ ಖಾಲಿ ಬಿಂದಿಗೆ ಎತ್ತಿಕೊಂಡು ಹೊರಟರು. ಬೇಸಿಗೆಯಲ್ಲಿ ದೂರದಿಂದ ನೀರು ಹೊರುವವರು ಅವರೇ.

ಬೀಜ ತಂದೆವು. ಧೂಳಿನ ಹಾಗೆ ಇರುತ್ತದೆ, ಹತ್ತಿರ ಸೀನುವ ಹಾಗಿಲ್ಲ. ಗಿಡ ಒಣಗಿದ ಮೇಲೆ ಕೆಲವು ಗೆಡ್ಡೆಗಳನ್ನೂ ತಂದೆವು, ಬೀಜ ಕೈಕೊಟ್ಟರೆ ಇರಲಿ ಎಂದು. ಪಾಚಿ, ದಪ್ಪ ಮರಳು, ಮಳೆನೀರು. ಮೇಜಿನ ಇನ್ನೊಂದು ಬದಿಗೆ ಬೇರೆ ಜವುಗಿನ ಬಿಳಿ ಹೂವಿನ ಗಿಡದ ಕುಂಡಗಳು, ಹೋಲಿಸಿ ನೋಡಲು.

ಮೊದಲ ಬೇಸಿಗೆಯಲ್ಲೇ ಮುರುಗನ್ ಕೈಯಿಂದ ಅನಾಹುತವಾಯಿತು. ಮುರುಗನ್ ನಮ್ಮ ಕಾವಲುಗಾರ, ಸಾಧು ಮನುಷ್ಯ. ನಾನು ಅಣ್ಣನ ಮಗಳ ಮದುವೆಗೆ ಗುಂಡ್ಲುಪೇಟೆಗೆ ಹೋಗಿ ಬರುವಷ್ಟರಲ್ಲಿ ಗೆಡ್ಡೆಯ ಕುಂಡಗಳ ಮಣ್ಣೆಲ್ಲ ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿತ್ತು.

"ಯಾರು ನೀರು ಹಾಕಿದ್ದು?" ಎಂದು ಕಿರುಚಿದೆ.

"ಪಾವಂ ಅಕ್ಕಾ, ಎಲ್ಲಾ ಕಾಂಜು ಪೋಚ್ಚು" ಎಂದ. ಪಾಪ, ಎಲ್ಲ ಒಣಗಿಹೋಗಿತ್ತು ಅಂತ. ಅವನ ಮುಖದಲ್ಲಿ ಎಷ್ಟು ಕರುಣೆಯಿತ್ತೆಂದರೆ ಬೈಯಲು ಬಾಯಿ ಬರಲಿಲ್ಲ. ಕುಂಡದ ಮೇಲೆ ಚೀಟಿಯಿತ್ತು, ಗಿಡದ ಹೆಸರು ಮತ್ತು ಊರಿನ ಹೆಸರು. ನೀರು ಹಾಕಬೇಡಿ ಎಂದು ಯಾರೂ ಬರೆದಿರಲಿಲ್ಲ. ಒಣಗಿದ ಕುಂಡ ಕಂಡರೆ ನೀರು ಹಾಕುವುದು ತೋಟದಲ್ಲಿ ಬದುಕಿದ ಕೈಗೆ ಸಹಜ. ಅವನನ್ನು ಕೂರಿಸಿ ವಿಷಯ ಹೇಳಿದೆ. ಅವನು ಮೇಜಿನ ಮುಂದೆ ನಿಂತು ಕುಂಡಗಳಿಗೆ ಕೈ ಮುಗಿದ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಎಷ್ಟು ಗೆಡ್ಡೆ ಕೊಳೆತವು, ಎಷ್ಟು ಉಳಿದವು? ಗೊತ್ತಾಗಲು ದಾರಿಯಿಲ್ಲ. ಬಗೆದು ನೋಡೋಣ ಎಂದು ನಮ್ಮಲ್ಲೇ ಕೆಲವರು ಹೇಳಿದರು. ಸಂಸ್ಥೆಯವರೂ ಗಿಡ ಜೀವಂತ ಇದೆ ತಾನೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಅನಿತಾ ಮೇಡಂ ಒಂದೇ ಮಾತು ಹೇಳಿದರು: "ಸತ್ತಿದ್ದರೆ ಸತ್ತಿದೆ. ಬದುಕಿದ್ದರೆ ನಾವು ಕೊಲ್ಲೋದು ಬೇಡ." ಯಾರೂ ಮುಟ್ಟದ ಹಾಗೆ ಕುಂಡಗಳ ಸುತ್ತ ಹಗ್ಗ ಕಟ್ಟಿದೆವು. ಆ ವರ್ಷ ಮಳೆಯೂ ತಡಮಾಡಿ ಸತಾಯಿಸಿತು. ನಾನು ಬೆಳಿಗ್ಗೆ ಬಂದ ಕೂಡಲೇ ಮೊದಲು ಆ ಬರೀ ಮಣ್ಣನ್ನು ನೋಡಿ ಆಮೇಲೆ ಟೀ ಕುಡಿಯುತ್ತಿದ್ದೆ. ಕೊನೆಗೂ ಮಳೆ ಬಂತು. ಕೆಲವು ಕುಂಡಗಳಲ್ಲಿ ಮಾತ್ರ ಸೂಜಿಮೊನೆಯಷ್ಟು ಕೆಂಪು ಮೊಳಕೆ ಎದ್ದಿತು. ಬೀಜದ ತಟ್ಟೆಯಲ್ಲಿ ಭೂತಗನ್ನಡಿ ಹಿಡಿದರೆ ಕಾಣುವಂಥ ಸಸಿಗಳು ಬಂದವು. ಬಂದವು, ಆದರೆ ಆ ವರ್ಷ ಯಾವುದೂ ಹೂ ಬಿಡಲಿಲ್ಲ.

ಬೋಜಣ್ಣನಿಗೆ ಫೋನು ಮಾಡಿ ಹೇಳಿದೆ. "ಆಗಲಿ ಅಕ್ಕ. ಇನ್ನೊಂದು ಬೇಸಗೆ ನೋಡುವ."

ಆ ಬೇಸಿಗೆ ಇನ್ನೂ ಕಷ್ಟದ್ದಾಯಿತು. ಒಂದು ಸಲ ಹೋದಾಗ ಕ್ಯಾರೆಟ್ ಪಾತಿ ಬಿರುಕು ಬಿಟ್ಟಿತ್ತು. ಮಾದಿ ಅಕ್ಕ ಬಿಂದಿಗೆ ಇಳಿಸಿ ನನ್ನನ್ನು ನೋಡಿದರು. "ಹೂ ಬಂದಿತಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. "ಎಂಗ ಸೊಂಟ ಕಾಯೋದಿಲ್ಲೆ" ಎಂದು ಹೇಳಿ ಒಳಗೆ ಹೋದರು. ಕುಡಿಯಲು ಟೀ ಕೊಟ್ಟರು, ಅದು ಬೇರೆ ಮಾತು.

ಮತ್ತೊಂದು ಮಳೆಗಾಲ. ಈ ಸಲ ಬೀಜದಿಂದ ಬಂದ ಗಿಡಗಳು ಗೇಣುದ್ದ ನಿಂತವು, ಮೊಗ್ಗು ಬಿಟ್ಟವು. ನಮ್ಮ ಮೇಜಿನ ಬಳಿ ಎಲ್ಲರೂ ಮೆಲ್ಲಗೆ ನಡೆಯತೊಡಗಿದರು. ಮೊಗ್ಗಿನ ತುದಿಯಲ್ಲಿ ಕೆಂಪಿದೆ ಎಂದು ಒಬ್ಬರು, ಅದು ಬರೀ ಹೊರಗಿನ ಪೊರೆ ಎಂದು ಇನ್ನೊಬ್ಬರು. ಮೊಗ್ಗು ಬಲಿತಾಗ ಸರಿಯಾಗಿ ಮಂಜು ಬಂದು ಕೂತಿತು.

ಇದು ನಿಮಗೆ ತಿಳಿದಿರಬೇಕು. ಅಳುಗಣ್ಣಿಯ ಹೂ ಬಿಸಿಲಿಗೆ ಮಾತ್ರ ಬಿಚ್ಚುತ್ತದೆ, ಅದೂ ಸ್ವಲ್ಪ ಹೊತ್ತು. ಬಿಸಿಲೇ ಬರದಿದ್ದರೆ ಮೊಗ್ಗು ಮುಚ್ಚಿಕೊಂಡೇ ಇದ್ದು, ಒಳಗೊಳಗೇ ಕಾಯಿ ಕಟ್ಟಿ, ಬಣ್ಣ ತೋರಿಸದೆ ಮುಗಿದುಹೋಗುತ್ತದೆ. ಹಾಗೆ ಒಂದೊಂದೇ ಮೊಗ್ಗು ನಮ್ಮ ಕಣ್ಣೆದುರೇ ಮುಗಿಯತೊಡಗಿತು. ಬಿಡಿಸಿ ನೋಡಿದರೆ ಒಳಗಿನ ಎಸಳು ಮುದುರಿ ನೀರಾಗಿರುತ್ತಿತ್ತು, ಬಣ್ಣ ಹೇಳಲು ಬರುತ್ತಿರಲಿಲ್ಲ. ಊಟಿಯ ಮಂಜನ್ನು ನಾನು ಅಷ್ಟು ಶಪಿಸಿದ್ದು ಜೀವಮಾನದಲ್ಲೇ ಇಲ್ಲ. ಟೂರಿಸ್ಟುಗಳು ಅದೇ ಮಂಜಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಆಗ ಬೋಜಣ್ಣನ ಫೋನು ಬಂತು. "ಅಕ್ಕ, ಇನ್ನು ಆಗದು. ಜೆಸಿಬಿಗೆ ಹೇಳಿದ್ದೀನಿ. ಒದ್ದೆಯಲ್ಲಿ ಇಳಿಜಾರಿಗೆ ಇಳಿಯದು ಅಂತಾನೆ ಡ್ರೈವರ್. ಮಂಜು ಸರಿದು ಬಿಸಿಲು ಬಿದ್ದ ದಿನ ಬರ್ತಾನೆ."

ಹೂ ಬಿಚ್ಚಲು ಬೇಕಾದ ಬಿಸಿಲೇ ಜೆಸಿಬಿ ಇಳಿಯಲು ಬೇಕಾದ ಬಿಸಿಲು. "ಅದೇ ದಿನ ನಮ್ಮ ಹೂವೂ ಬಿಚ್ಚುತ್ತೆ ಬೋಜಣ್ಣ. ನಮ್ಮ ಫೋನು ಬರೋವರೆಗೆ ಕೆಲಸ ಶುರು ಮಾಡಿಸಬೇಡಿ" ಎಂದೆ.

"ಕೆಂಪು ಬರಲಿ ಅಂತ ಎಂಗಳೂ ಕೇಳಿಕೊಳ್ಳೋದು ಅಕ್ಕ. ಪೈಪು ಬಂದರೆ ಎಂಗಗೂ ಸುಲಭ ತಾನೇ" ಎಂದರು. ಅದು ನಿಜ. ಆ ಹೂ ಕೆಂಪಾಗಲಿ ಎಂದು ನನ್ನಷ್ಟೇ ಅವರೂ ಬಯಸಿದ್ದರು.

ಬಿಸಿಲು ಬಂದ ದಿನ ಬೆಳಿಗ್ಗೆಯೇ ಆಕಾಶ ತೊಳೆದಿಟ್ಟಂತಿತ್ತು. ನಾನು ತಿಂಡಿ ಬಿಟ್ಟು ಓಡಿದೆ. ಅನಿತಾ ಮೇಡಂ ಆಗಲೇ ಮೇಜಿನ ಪಕ್ಕ ಸ್ಟೂಲ್ ಹಾಕಿ ಕೂತಿದ್ದರು. ಮುರುಗನ್ ಬಾಗಿಲ ಹತ್ತಿರ ನಿಂತಿದ್ದ. ಗಾಜಿನ ಮೇಲಿನ ತೇವ ಆರಿತು. ಬಿಸಿಲು ಮೇಜಿಗೆ ಬಿತ್ತು. ಆ ಬದಿಯ ಬಿಳಿ ಬಗೆಯ ಕುಂಡಗಳಲ್ಲಿ ಮೊದಲು ಹೂ ಬಿಚ್ಚಿತು. ನಮ್ಮದು ಬಿಚ್ಚಲಿಲ್ಲ. ಅನಿತಾ ಮೇಡಂ ತಮ್ಮ ಬೆರಳಿನ ಉಂಗುರವನ್ನು ತಿರುಗಿಸುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಒಂದು ಮೊಗ್ಗು ಸಡಿಲಾಯಿತು. ಇನ್ನೊಂದು. ಮತ್ತೊಂದು.

ಬಿಳಿ.

ಅನಿತಾ ಮೇಡಂ ಮಸೂರ ಹಿಡಿದು ಎಸಳಿನ ಬುಡ ನೋಡಿದರು, ಅಂಚು ನೋಡಿದರು, ನನಗೆ ಕೊಟ್ಟರು. ನಾನೂ ನೋಡಿದೆ. ಹಳೇ ಗೆಡ್ಡೆಯಿಂದ ಎದ್ದ ಗಿಡದಲ್ಲೂ ಒಂದು ಹೂ ಅರಳಿತ್ತು, ಜವುಗಿನಲ್ಲಿ ನಾನೇ ನಸುಗೆಂಪು ಹೂವಿನೊಡನೆ ಕಂಡು ಗುರುತಿನ ಕಡ್ಡಿ ನೆಟ್ಟು, ಒಣಗಿದ ಮೇಲೆ ಅಗೆದು ತಂದ ಗೆಡ್ಡೆ ಅದು. ಅದೂ ಬಿಳಿ. ಎರಡು ಬದಿಯ ಕುಂಡಗಳಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಅಲ್ಲಿನ ಕೆಂಪು ಗಿಡದ್ದಲ್ಲ, ಆ ಜಾಗದ್ದು. ನೀರೋ, ಆ ತಗ್ಗಿನಲ್ಲಿ ಮಡುಗಟ್ಟುವ ಬೆಳಗಿನ ಚಳಿಯೋ, ಯಾವುದೆಂದು ನಮಗೆ ಇವತ್ತಿಗೂ ಗೊತ್ತಿಲ್ಲ.

ಫೋನು ಬಡಿದುಕೊಂಡಿತು. ಬೋಜಣ್ಣ. ಹಿಂದಿನಿಂದ ಯಂತ್ರದ ಗುಡುಗು ಕೇಳುತ್ತಿತ್ತು.

"ಏನ ಬಣ್ಣ ಅಕ್ಕ?"

"ಬಿಳಿ, ಬೋಜಣ್ಣ."

"ತುಸುವೂ ಕೆಂಪು ಇಲ್ಲೆಯಾ?"

"ಇಲ್ಲ."

ಅವರು ಯಂತ್ರದಿಂದ ಆಚೆ ನಡೆದರೇನೋ, ಸದ್ದು ದೂರವಾಯಿತು. ಆಮೇಲೆ ದನಿ ತಗ್ಗಿಸಿ ಕೇಳಿದರು: "ತುಸು ಕೆಂಪು ಅಂತ ಬರೆದುಬಿಡಿ ಅಕ್ಕ. ಅವರು ನೋಡಕ್ಕೆ ಬರ್ತಾರಾ? ಬಂದರೂ ಈ ಜವುಗು ತೋರಿಸಿದರಾಯ್ತು. ಇಲ್ಲಿ ಕೆಂಪು ತಾನೇ ಇದೆ. ಸುಳ್ಳು ಎಲ್ಲಿ ಬಂತು?"

ನಾನು ಫೋನಿಗೆ ಕೈ ಅಡ್ಡ ಹಿಡಿದು ಅನಿತಾ ಮೇಡಂಗೆ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು. "ಗಿಡ ಬೆಳೆಸಿದವರು ನೀವು ರತ್ನಾ. ನೀವು ಏನು ಬರೀತೀರೋ ಅದಕ್ಕೆ ನಾನು ಸಹಿ ಹಾಕ್ತೀನಿ" ಎಂದರು. ಅವರ ಆಸೆಯೂ ಯಾವ ಕಡೆ ಇತ್ತೆಂದು ನನಗೆ ಗೊತ್ತಾಯಿತು.

ಒಂದು ಪದ. ನಸುಗೆಂಪು ಎಂದು ಒಂದು ಪದ ಬರೆದರೆ ಜವುಗು ಉಳಿಯುತ್ತದೆ, ಮಾದಿ ಅಕ್ಕನ ಸೊಂಟಕ್ಕೆ ಬಿಡುಗಡೆ, ಎಲ್ಲರೂ ಸುಖ. ಬೇಡ ಎನ್ನಲು ನನಗೆ ಯಾವ ದೊಡ್ಡ ಆದರ್ಶವೂ ನೆನಪಾಗಲಿಲ್ಲ. ನೆನಪಾದದ್ದು ಬೇರೆ ಜವುಗುಗಳು. ಇದು ಬೇರೆ ಬಗೆ ಎಂದು ನಾವು ಬರೆದ ಮಾತಿನ ಮೇಲೆಯೇ ಉಳಿದುಕೊಂಡ ಜಾಗಗಳಿದ್ದವು. ನಾಳೆ ಯಾರಾದರೂ ನಮ್ಮಿಂದ ಇತ್ತಲಾರಿನ ಬೀಜ ತರಿಸಿ ಬೆಳೆಸಿ ಬಿಳಿ ಹೂ ಕಂಡರೆ, ಅವರು ಈ ಒಂದು ಹೆಸರನ್ನು ಮಾತ್ರ ಅನುಮಾನಿಸುವುದಿಲ್ಲ. ನಾವು ಇಟ್ಟ ಎಲ್ಲ ಹೆಸರುಗಳೂ ಸುಳ್ಳಿನ ಸಾಲಿಗೆ ಸೇರುತ್ತವೆ. ಆಗ ಆ ಜಾಗಗಳಿಗೆ ಯಾರು ದಿಕ್ಕು?

"ಬೋಜಣ್ಣ, ನಾನು ಬಿಳಿ ಅಂತಲೇ ಬರೀಬೇಕು. ಆದರೆ ಈ ಬಣ್ಣ ನಿಮ್ಮ ಜವುಗು ಬಿಟ್ಟರೆ ನಾವು ಇನ್ನೆಲ್ಲೂ ಕಂಡಿಲ್ಲ ಅಂತಲೂ ಬರೀತೀನಿ. ಪೈಪಿಗೆ ಈಗಲೇ ಕೇಳಿಸ್ತೀನಿ. ಒಂದು ಗಳಿಗೆ ತಡೀರಿ."

ಅನಿತಾ ಮೇಡಂ ಆಗಲೇ ಸಂಸ್ಥೆಗೆ ಫೋನು ಹಚ್ಚಿದ್ದರು. ಗಿಡ ಅದೇ, ಜಾಗ ಬೇರೆ, ಜಾಗವನ್ನೇ ಉಳಿಸಬೇಕು ಎಂದು ವಿವರಿಸಿದರು, ಬೇಡಿದರು, ಕೊನೆಗೆ ಜಗಳವಾಡಿದರು. ಆ ಕಡೆಯವರು ಸಭ್ಯರೇ. ನಮ್ಮ ನೆರವು ಗಿಡಗಳಿಗೆ, ಬಣ್ಣಗಳಿಗಲ್ಲ ಎಂದರಂತೆ. ಅನಿತಾ ಮೇಡಂ ಫೋನನ್ನು ಮೇಜಿನ ಮೇಲೆ ಇಟ್ಟದ್ದಲ್ಲ, ಎಸೆದದ್ದು.

ನಾನು ಬೋಜಣ್ಣನಿಗೆ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಆಯ್ತು. ಮೇಲಿಂದ ತೋಡಿಸ್ತೀನಿ. ಯಂತ್ರ ಕೆಳಗೆ ಇಳಿಯೋದರೊಳಗೆ ಬನ್ನಿ, ಬೇಕಾದಷ್ಟು ಎತ್ತಿಕೊಳ್ಳಿ" ಎಂದರು.

ಜೀಪಿನಲ್ಲಿ ಟ್ರೇ, ಗೋಣಿಚೀಲ, ಸನಿಕೆ ತುಂಬಿಕೊಂಡು ಹೊರಟೆವು. ದಾರಿಯುದ್ದಕ್ಕೂ ಆ ಹಾಳು ಬಿಸಿಲು. ಹೋಗುವಷ್ಟರಲ್ಲಿ ಯಂತ್ರ ಜವುಗಿನ ಮೇಲಂಚನ್ನು ಬಗೆದು ಕಪ್ಪು ಮಣ್ಣನ್ನು ಗುಡ್ಡೆ ಹಾಕಿತ್ತು. ಅದರ ಕೆಳಗೆ ಹೂಗಳೆಲ್ಲ ಬಿಚ್ಚಿಕೊಂಡು ನಿಂತಿದ್ದವು, ಅದೇ ನಸುಗೆಂಪು. ನಾನು ಅಳುತ್ತಲೇ ಕೆಸರಿಗೆ ಇಳಿದೆ. ನಾಚಿಕೆಯೇನೂ ಆಗಲಿಲ್ಲ. ಅನಿತಾ ಮೇಡಂ ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದರು. ಗೆಡ್ಡೆ ಆಳದಲ್ಲಿರುತ್ತದೆ, ಗಿಡವನ್ನು ಕಿತ್ತರೆ ಬರುವುದಿಲ್ಲ. ಮಣ್ಣಿನ ಹೆಂಟೆಯನ್ನೇ ಅಗಲವಾಗಿ ಕತ್ತರಿಸಿ, ಅಡಿಗೆ ಕೈ ಕೊಟ್ಟು ಎತ್ತಬೇಕು. ಅವಸರದಲ್ಲಿ ನನ್ನ ಸನಿಕೆ ಎಷ್ಟು ಗೆಡ್ಡೆ ಕತ್ತರಿಸಿತೋ ಏನೋ. ಯಂತ್ರ ಹತ್ತಿರ ಬಂದ ಹಾಗೆ ಕಾಲಡಿಯ ನೆಲ ಅದುರುತ್ತಿತ್ತು.

ಯಾರೋ ಪಕ್ಕದಲ್ಲಿ ಕೂತ ಹಾಗಾಯಿತು. ಮಾದಿ ಅಕ್ಕ. ಬಡಗ ಹೆಂಗಸರು ಉಡುವ ಬಿಳಿ ಮುಂಡು ಕೆಸರಿನಲ್ಲಿ ನೆನೆಯುತ್ತಿದ್ದರೂ ಲಕ್ಷ್ಯವಿಲ್ಲದೆ, ಕಳೆ ಕೀಳುವ ಗುದ್ದಲಿಯಿಂದ ಹೆಂಟೆ ಎಬ್ಬಿಸತೊಡಗಿದರು. ನನಗಿಂತ ಅವರ ಕೈ ಚುರುಕು. ಒಂದು ಹೆಂಟೆಯನ್ನು ಟ್ರೇಗೆ ಇಟ್ಟು ಹೂವನ್ನು ಹತ್ತಿರದಿಂದ ನೋಡಿದರು.

"ಚಂದ ಇದೆ. ಆದರೆ ನೀರು ಬೇಕಲ್ಲ ಅಕ್ಕ" ಎಂದರು.

"ಬೇಕು" ಎಂದೆ.

ಬೋಜಣ್ಣ ಮೇಲೆ ನಿಂತು ಡ್ರೈವರಿಗೆ ಕೈ ಅಡ್ಡ ಮಾಡಿ ಯಂತ್ರ ನಿಲ್ಲಿಸಿದರು. ನಮ್ಮ ಟ್ರೇ ಎಲ್ಲ ತುಂಬುವವರೆಗೂ ಕೈ ಇಳಿಸಲಿಲ್ಲ. ಟ್ರೇ ತುಂಬಿದ ಮೇಲೂ ಜವುಗಿನಲ್ಲಿ ಹೂ ಉಳಿದಿತ್ತು. ನಾವು ಮೇಲೆ ಹತ್ತಿದೆವು, ಅವರು ಕೈ ಇಳಿಸಿದರು.

ಸರಿಯಾದದ್ದನ್ನು ಮಾಡಿದೆ ಎಂಬ ಸಮಾಧಾನ ನನಗೆ ಅಂದು ಒಂದಿಷ್ಟೂ ಇರಲಿಲ್ಲ. ಇಂದೂ ಅದು ಪೂರ್ತಿಯಾಗಿ ಬಂದಿಲ್ಲ. ಈ ಕೆಲಸಕ್ಕೆ ಬರುವವರಿಗೆ ಇದನ್ನು ಮುಚ್ಚಿಡಬಾರದು ಎಂದು ಹೇಳುತ್ತಿದ್ದೇನೆ. ನಿಜ ಬರೆದ ದಿನ ಮನಸ್ಸು ಹಗುರಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಅಂಥದ್ದನ್ನು ಬರೆದವರಲ್ಲ.

ಆ ಹೆಂಟೆಗಳನ್ನು ಬದುಕಿಸಿಕೊಂಡೆವು. ಮುರುಗನ್ ಮಳೆನೀರಿನ ಡ್ರಮ್ಮುಗಳನ್ನು ತನ್ನ ಮನೆಯದೆಂಬಂತೆ ಕಾದ. ಬೇಸಿಗೆಯಲ್ಲಿ ಕುಂಡದ ಹತ್ತಿರ ಯಾರು ನೀರು ಹಿಡಿದು ಬಂದರೂ ಓಡಿಸುತ್ತಿದ್ದ. ಜವುಗಿನ ಮಣ್ಣಿನ ಸಮೇತವೇ ತಂದಿದ್ದರೂ ಮುಂದಿನ ಮಳೆಗಾಲದಲ್ಲಿ ಬಂದ ಹೂ ಬಿಳಿ. ಬೋಜಣ್ಣನ ಕೆರೆ ತುಂಬಿತು, ಬೇಸಿಗೆಯ ಕ್ಯಾರೆಟ್ ಉಳಿಯಿತು. ಅದಕ್ಕೆ ನನಗೆ ನಿಜವಾಗಿ ಸಂತೋಷವಿದೆ.

ನಾನು ನಿವೃತ್ತಳಾಗುವ ವರ್ಷ, ಮಳೆ ಬಿಟ್ಟ ಒಂದು ಬಿಸಿಲಿನ ದಿನ ಬೋಜಣ್ಣ ಕೇಂದ್ರಕ್ಕೆ ಬಂದರು. ಮಾರ್ಕೆಟ್ಟಿಗೆ ಕ್ಯಾರೆಟ್ ಇಳಿಸಿ, ನನಗೂ ಒಂದು ಚೀಲ ಹಿಡಿದುಕೊಂಡು. ಒಳಗೆ ಕರೆದುಕೊಂಡು ಹೋದೆ. ಮೇಜಿನ ತುಂಬ ಅಳುಗಣ್ಣಿ ಅರಳಿತ್ತು. ಎರಡು ಬದಿ, ಎರಡು ಊರಿನ ಗಿಡ.

"ಎಂಗದು ಯಾವುದು?" ಎಂದರು.

"ನೀವೇ ಹೇಳಿ ನೋಡುವಾ" ಎಂದೆ, ತಮಾಷೆಗೆ. ಹೇಳಿದ ಕೂಡಲೇ ತಪ್ಪಾಯಿತು ಎನ್ನಿಸಿತು.

ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟು ಬಗ್ಗಿದರು. ಈ ಬದಿಯ ಗಿಡವನ್ನು ಬಹಳ ಹೊತ್ತು ನೋಡಿದರು. ಆ ಬದಿಗೆ ಹೋಗಿ ಅಲ್ಲಿಯದನ್ನೂ ನೋಡಿದರು. ಮತ್ತೆ ಬಂದರು. ಹುಟ್ಟಿದಾಗಿನಿಂದ ಆ ಜವುಗಿನ ದಂಡೆಯಲ್ಲಿ ಓಡಾಡಿದ ಮನುಷ್ಯ.

"ಗೊತ್ತಾಗದು ಅಕ್ಕ" ಎಂದರು. "ನಿಂಗಗೆ ಗೊತ್ತಾಗ್ತದಾ?"

"ಚೀಟಿ ತೆಗೆದರೆ ನನಗೂ ಗೊತ್ತಾಗಲ್ಲ ಬೋಜಣ್ಣ."

ಇತ್ತಲಾರ್ ಎಂದು ಬರೆದ ಚೀಟಿಯ ಕಡ್ಡಿಯನ್ನು ನಾನು ಬೆರಳು ಮಾಡಿ ತೋರಿಸಿದೆ. ಕುಂಡದ ಅಂಚಿನಲ್ಲಿ ಅದು ಸಡಿಲವಾಗಿ ಒಂದು ಕಡೆಗೆ ವಾಲಿತ್ತು. ಬೋಜಣ್ಣ ಅದನ್ನು ನೆಟ್ಟಗೆ ಮಾಡಿ, ಹೆಬ್ಬೆರಳಿನಿಂದ ಮಣ್ಣಿನೊಳಗೆ ಇನ್ನಷ್ಟು ಆಳಕ್ಕೆ ಒತ್ತಿದರು.